ಆರೋಗ್ಯಸೇವಾ ನಿರ್ವಹಣೆಯಲ್ಲಿ ಡಾಕ್ಟರೇಟ್: ಮೈಸೂರು, ಮಂಡ್ಯದವರ ಮುಂದಿರುವ ದಾರಿಗಳು

ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಆಸ್ಪತ್ರೆಗಳ ನೌಕರರೂ ಇದ್ದಾರೆ. ಶುಶ್ರೂಷಕಿಯರು, ಬಿಲ್ಲಿಂಗ್ ಗುಮಾಸ್ತರು, ಪ್ರಯೋಗಾಲಯದ ತಂತ್ರಜ್ಞರು, ಗುಣಮಟ್ಟ ವಿಭಾಗದ ಸಂಯೋಜಕರು ಒಂದೇ ಬೋಗಿಯಲ್ಲಿ ಕುಳಿತು ಹಿಂದಿನ ದಿನದ ವಾರ್ಡಿನ ಕಷ್ಟಗಳನ್ನು ಮಾತಾಡಿಕೊಳ್ಳುತ್ತಾರೆ. ನಾನು ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಆಡಳಿತ ವಿಭಾಗದಲ್ಲಿ ಕೆಲಸ ಮಾಡುತ್ತ, ಅದೇ ರೈಲಿನಲ್ಲಿ ಓಡಾಡುತ್ತ, ಅರೆಕಾಲಿಕ ಸಂಶೋಧನಾರ್ಥಿಯಾಗಿ ಪಿಎಚ್‌.ಡಿ. ಮುಗಿಸಿದವನು. ಆದ್ದರಿಂದ ಕಿರಿಯ ಸಹೋದ್ಯೋಗಿಗಳು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ: "ಸರ್, ನಾವೂ ಡಾಕ್ಟರೇಟ್ ಮಾಡಬೇಕೆಂದಿದ್ದೇವೆ, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದರೆ ಒಳ್ಳೆಯದು?"

ಈ ಪ್ರಶ್ನೆಗೆ ನಾನು ನೇರ ಉತ್ತರ ಕೊಡುವುದಿಲ್ಲ. ಯಾವ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡುತ್ತೀರಿ, ಅದಕ್ಕೆ ಬೇಕಾದ ದತ್ತಾಂಶವನ್ನು ಯಾರು ಕೊಡುತ್ತಾರೆ, ಯಾವ ಮಾರ್ಗದರ್ಶಕರು ಅದನ್ನು ಓದಿ ತಿದ್ದುತ್ತಾರೆ ಎಂಬ ಮೂರನ್ನು ಮೊದಲು ಕೇಳುತ್ತೇನೆ. ವಿಶ್ವವಿದ್ಯಾಲಯದ ಹೆಸರು ನಾಲ್ಕನೆಯದು. ಈ ಅನುಕ್ರಮವನ್ನು ತಲೆಕೆಳಗು ಮಾಡಿ ನಾನೇ ಒಂದೂವರೆ ವರ್ಷ ಕಳೆದುಕೊಂಡಿದ್ದೇನೆ. ಆ ವಿಷಯ ಮುಂದೆ ಬರುತ್ತದೆ.

ಡಾಕ್ಟರೇಟ್ ಯಾತಕ್ಕೆ ಬೇಕು

ಆಸ್ಪತ್ರೆಯೊಳಗೆ ಮೇಲಿನ ಹುದ್ದೆಗೆ ಏರುವುದೊಂದೇ ಉದ್ದೇಶವಾಗಿದ್ದರೆ ಪಿಎಚ್‌.ಡಿ. ದೂರದ ಮತ್ತು ಆಯಾಸದ ದಾರಿ ಎಂಬುದು ನನ್ನ ಅಭಿಪ್ರಾಯ. ಕಾರ್ಯನಿರ್ವಹಣಾ ಮುಖ್ಯಸ್ಥರ ಹುದ್ದೆಗೆ ಸಂದರ್ಶನ ನಡೆಸುವ ಆಡಳಿತ ಮಂಡಳಿಯವರು ಮಹಾಪ್ರಬಂಧದ ಶೀರ್ಷಿಕೆಯನ್ನು ಕೇಳುವುದಕ್ಕಿಂತ ಹೆಚ್ಚಾಗಿ, ನೀವು ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆಯ ತಪಾಸಣೆಯನ್ನು ಎಷ್ಟು ಬಾರಿ ಎದುರಿಸಿದ್ದೀರಿ, ವಿಮಾ ಕಂಪನಿಗಳು ತಡೆಹಿಡಿದ ಬಿಲ್ಲುಗಳನ್ನು ಹೇಗೆ ಬಿಡಿಸಿದ್ದೀರಿ ಎಂದು ಕೇಳುತ್ತಾರೆ. ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಇಲ್ಲದವರು ಮೊದಲು ಅದನ್ನು ಮುಗಿಸುವುದು ಲೇಸು. ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ ನೀಟ್ ಪಿ.ಜಿ. ಮೂಲಕ ಆಸ್ಪತ್ರೆ ಆಡಳಿತದ ಎಂ.ಡಿ. ಅಥವಾ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಸ್ನಾತಕೋತ್ತರ ಅರ್ಹತೆ) ದಾರಿ ಇದೆ. ಅದು ಪಿಎಚ್‌.ಡಿ. ಅಲ್ಲದಿದ್ದರೂ ವೈದ್ಯಕೀಯ ಅಧೀಕ್ಷಕರ ಕೆಲಸಕ್ಕೆ ಹೆಚ್ಚು ಹತ್ತಿರವಾದದ್ದು.

ಬೋಧನೆಗೆ ಹೋಗಬೇಕೆನ್ನುವವರ ಲೆಕ್ಕ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ತನ್ನ ನಿಯಮವನ್ನು ತಿದ್ದಿದ ಮೇಲೆ, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್‌.ಡಿ. ಐಚ್ಛಿಕವಾಗಿದೆ. ಆದರೆ ಸಹ ಪ್ರಾಧ್ಯಾಪಕ ಹುದ್ದೆಗೆ ನೇರ ನೇಮಕಾತಿಯಾಗಲು ಪಿಎಚ್‌.ಡಿ. ಬೇಕೇ ಬೇಕು. ಹೀಗಾಗಿ ಪಾಠ ಹೇಳುವ ಬದುಕನ್ನು ಬಯಸುವವರು ಎನ್‌ಇಟಿ ಅಥವಾ ಕೆಸೆಟ್ ಮತ್ತು ಪಿಎಚ್‌.ಡಿ. ಎರಡನ್ನೂ ಒಟ್ಟಿಗೆ ಯೋಚಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರು ನಲವತ್ತರ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಓದಲು ಕೂರುವುದನ್ನು ಕಂಡಿದ್ದೇನೆ.

ಇನ್ನು ಮೂರನೆಯ ಬಗೆಯವರು, ಕೆಲಸದಲ್ಲಿ ದಿನವೂ ಎದುರಾಗುವ ಒಂದು ತೊಡಕು ನಿದ್ದೆಗೆಡಿಸುವಷ್ಟು ಕಾಡುತ್ತಿದೆ ಎನ್ನುವವರು. ವೈದ್ಯರು ಬೆಳಿಗ್ಗೆ ಹತ್ತಕ್ಕೆ "ಇವತ್ತು ಮನೆಗೆ ಹೋಗಬಹುದು" ಎಂದು ಹೇಳಿದ ರೋಗಿ ಸಂಜೆ ಆರರವರೆಗೆ ಹಾಸಿಗೆಯ ಮೇಲೇಕೆ ಕುಳಿತಿರುತ್ತಾನೆ? ಮಳವಳ್ಳಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗುವ ಚಿಕಿತ್ಸೆಗೆ ಜನ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೇಕೆ ಬರುತ್ತಾರೆ? ಕಬ್ಬಿನ ಕಟಾವಿನ ತಿಂಗಳುಗಳಲ್ಲಿ ಸಕ್ಕರೆ ಕಾಯಿಲೆಯವರ ಮರುಭೇಟಿ ಕಡಿಮೆಯಾಗುತ್ತದೆಯೇ, ಆಗುವುದಾದರೆ ಹೊರರೋಗಿ ವಿಭಾಗದ ವೇಳೆಯನ್ನು ಬದಲಿಸುವುದರಿಂದ ಪ್ರಯೋಜನವಿದೆಯೇ? ಇಂತಹ ಒಂದು ಪ್ರಶ್ನೆ ಮನಸ್ಸಿನಲ್ಲಿದ್ದವರು ಪಿಎಚ್‌.ಡಿ.ಯನ್ನು ಮುಗಿಸುತ್ತಾರೆ ಎಂಬುದು ನನ್ನ ಅನುಭವ, ಏಕೆಂದರೆ ನಾಲ್ಕನೆಯ ವರ್ಷದಲ್ಲಿ ಪದವಿಯ ಆಸೆ ಬತ್ತಿಹೋದಾಗಲೂ ಪ್ರಶ್ನೆಯ ಮೇಲಿನ ಕುತೂಹಲ ಉಳಿದಿರುತ್ತದೆ.

ಪದವಿಗಳ ಹೆಸರು ಮತ್ತು ನಿಯಮದ ಚೌಕಟ್ಟು

ನಮ್ಮ ದೇಶದಲ್ಲಿ ಈ ಕ್ಷೇತ್ರದ ಡಾಕ್ಟರೇಟ್ ಎಂದರೆ ಬಹುಮಟ್ಟಿಗೆ ಪಿಎಚ್‌.ಡಿ.ಯೇ. ಅದು ನಿರ್ವಹಣಾಶಾಸ್ತ್ರ, ಸಾರ್ವಜನಿಕ ಆರೋಗ್ಯ, ಸಮುದಾಯ ವೈದ್ಯಶಾಸ್ತ್ರ, ಅರ್ಥಶಾಸ್ತ್ರ ಅಥವಾ ಸಮಾಜಕಾರ್ಯದ ಹೆಸರಿನಲ್ಲಿ ನೋಂದಣಿಯಾಗಬಹುದು. ಅಮೆರಿಕದಲ್ಲಿ ಇದರ ಜೊತೆಗೆ ಡಿ.ಎಚ್‌.ಎ. ಎಂಬ, ಆರೋಗ್ಯ ಆಡಳಿತದ ವೃತ್ತಿಪರ ಡಾಕ್ಟರೇಟ್ ಇದೆ. ಸೌತ್ ಕೆರೊಲಿನಾದ ವೈದ್ಯಕೀಯ ವಿಶ್ವವಿದ್ಯಾಲಯ, ಸೆಂಟ್ರಲ್ ಮಿಶಿಗನ್ ವಿಶ್ವವಿದ್ಯಾಲಯ ಮೊದಲಾದವು ಅದನ್ನು ಕೊಡುತ್ತವೆ. ಸಾರ್ವಜನಿಕ ಆರೋಗ್ಯದ ನಾಯಕತ್ವಕ್ಕಾಗಿ ಡಿಆರ್‌.ಪಿ.ಎಚ್., ವ್ಯವಹಾರ ಆಡಳಿತದಲ್ಲಿ ಡಿ.ಬಿ.ಎ. ಇವೆ. ಪಿಎಚ್‌.ಡಿ. ಹೊಸ ತಿಳಿವನ್ನು ಕೇಳುತ್ತದೆ. ವೃತ್ತಿಪರ ಡಾಕ್ಟರೇಟ್‌ಗಳು ಇರುವ ತಿಳಿವನ್ನು ಸಂಸ್ಥೆಯೊಂದರ ಸಮಸ್ಯೆಗೆ ಅನ್ವಯಿಸಿ ತೋರಿಸುವಂತೆ ಕೇಳುತ್ತವೆ. ಇದು ಮೇಲು ಕೀಳಿನ ಮಾತಲ್ಲ. ಇಪ್ಪತ್ತು ವರ್ಷ ಆಸ್ಪತ್ರೆ ನಡೆಸಿದ ಅಮೆರಿಕದ ಆಡಳಿತಗಾರನಿಗೆ ಡಿ.ಎಚ್‌.ಎ. ಸರಿಯಾದ ಪದವಿಯೇ ಆಗಿರಬಹುದು. ಅದೇ ಪದವಿಯನ್ನು ಹಿಡಿದು ಕರ್ನಾಟಕದ ಕಾಲೇಜಿನಲ್ಲಿ ಬೋಧಕ ಹುದ್ದೆಗೆ ಅರ್ಜಿ ಹಾಕುವವರು ಮಾತ್ರ, ಇಲ್ಲಿನ ನೇಮಕಾತಿ ನಿಯಮಗಳು ಪಿಎಚ್‌.ಡಿ. ಎಂಬ ಶಬ್ದವನ್ನೇ ಬಳಸುತ್ತವೆ ಎಂಬುದನ್ನು ಮರೆಯಬಾರದು.

ಪಿಎಚ್‌.ಡಿ.ಗೆ ಈಗ ಅನ್ವಯವಾಗುವುದು ಯುಜಿಸಿಯ 2022ರ ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ. 5ರ ರಿಯಾಯಿತಿ ಇದೆ. ಕೋರ್ಸ್ ವರ್ಕ್ (ಆರಂಭದ ಕಡ್ಡಾಯ ಪಾಠಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ 2 ವರ್ಷದ ಸಡಿಲಿಕೆಯಿದ್ದು, ಒಟ್ಟು ಅವಧಿ 10 ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಶಿಶುಪಾಲನೆಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಲು ಅವಕಾಶವಿದೆ. ಪಾಳಿಯ ಕೆಲಸವನ್ನೂ ಮನೆಯನ್ನೂ ಒಟ್ಟಿಗೆ ನಿಭಾಯಿಸುವ ನಮ್ಮ ಶುಶ್ರೂಷಾ ಅಧಿಕಾರಿಗಳು ಈ ಸಡಿಲಿಕೆಗಳ ವಿಷಯವೇ ತಿಳಿಯದೆ "ನಮ್ಮಿಂದಾಗದು" ಎಂದು ಅರ್ಜಿಯನ್ನೇ ಹಾಕದಿರುವುದು ನನಗೆ ನೋವಿನ ಸಂಗತಿ.

ಪ್ರವೇಶದ ವಿಷಯದಲ್ಲಿ 2024ರಿಂದ ಎನ್‌ಇಟಿ ಅಂಕಗಳನ್ನು ಪಿಎಚ್‌.ಡಿ. ಪ್ರವೇಶಕ್ಕೂ ಬಳಸುವ ವ್ಯವಸ್ಥೆ ಬಂದಿದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗದಿದ್ದರೂ ಪ್ರವೇಶಕ್ಕೆ ಅರ್ಹರಾದವರ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ, ಆ ಅಂಕ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ನಮ್ಮ ಕ್ಷೇತ್ರದವರು ಸಾಮಾನ್ಯವಾಗಿ ನಿರ್ವಹಣಾಶಾಸ್ತ್ರದ ವಿಷಯಪತ್ರಿಕೆಯನ್ನು ಆರಿಸಿಕೊಳ್ಳುತ್ತಾರೆ. ಸಾರ್ವಜನಿಕ ಆರೋಗ್ಯದ ಹಿನ್ನೆಲೆಯವರಿಗೆ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಎಂಬ ಪತ್ರಿಕೆ ಇದೆ. ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳೂ ಇರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯಬೇಕು.

ಅರೆಕಾಲಿಕ ಪಿಎಚ್‌.ಡಿ.ಗೆ ನಿಯಮದಲ್ಲಿ ಸ್ಥಳವಿದೆ. ಅದಕ್ಕೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಕೊಡುತ್ತೇವೆ, ಕೆಲಸದ ಸ್ಥಳದಲ್ಲಿ ಅದಕ್ಕೆ ಸೌಲಭ್ಯವಿದೆ, ಅಗತ್ಯವಿದ್ದರೆ ಕೋರ್ಸ್ ವರ್ಕ್ ಮುಗಿಸಲು ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಎಂದು ಆ ಪತ್ರದಲ್ಲಿ ಬರೆದಿರಬೇಕು. ಹಲವು ಆಸ್ಪತ್ರೆಗಳ ಮಾನವ ಸಂಪನ್ಮೂಲ ವಿಭಾಗದವರು "ನಮ್ಮ ಅಭ್ಯಂತರವಿಲ್ಲ" ಎಂಬ ಒಂದು ಸಾಲನ್ನು ಮುದ್ರೆ ಒತ್ತಿ ಕೊಡುತ್ತಾರೆ. ಆ ಒಂದು ಸಾಲು ಸಾಲದು.

ಹತ್ತಿರದ ವಿಶ್ವವಿದ್ಯಾಲಯಗಳು

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾದದ್ದು. ಮಾನಸಗಂಗೋತ್ರಿಯಲ್ಲಿ ನಿರ್ವಹಣಾಶಾಸ್ತ್ರಕ್ಕೆ ಬಿ.ಎನ್. ಬಹದ್ದೂರ್ ಸಂಸ್ಥೆ ಇದೆ; ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ, ವಾಣಿಜ್ಯಶಾಸ್ತ್ರ ವಿಭಾಗಗಳಿವೆ, ಅಭಿವೃದ್ಧಿ ಅಧ್ಯಯನ ಸಂಸ್ಥೆಯಿದೆ. ಇಲ್ಲಿನ ದೊಡ್ಡ ಅನುಕೂಲವೆಂದರೆ ಪ್ರಶ್ನೆಯನ್ನು ಸಮಾಜವಿಜ್ಞಾನದ ಕಣ್ಣಿನಿಂದ ನೋಡುವ ಅವಕಾಶ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದ್ದರೂ ರೋಗಿಯ ಕೈಯಿಂದ ಹಣ ಯಾವ ಯಾವ ಬಾಬ್ತಿಗೆ ಹೋಗುತ್ತದೆ ಎಂಬುದನ್ನು ಅಭ್ಯಸಿಸುವವರಿಗೆ ವೈದ್ಯಕೀಯ ಕಾಲೇಜಿಗಿಂತ ಅರ್ಥಶಾಸ್ತ್ರ ವಿಭಾಗವೇ ಉತ್ತಮ. ಆದರೆ ನಿರ್ವಹಣಾಶಾಸ್ತ್ರ ವಿಭಾಗಗಳಲ್ಲಿ ಆಸ್ಪತ್ರೆಯ ಒಳಗನ್ನು ಬಲ್ಲ ಮಾರ್ಗದರ್ಶಕರು ಎಲ್ಲ ಕಡೆಯೂ ಇರುವುದಿಲ್ಲ. ಒಳರೋಗಿಯ ಕಡತ ಹೇಗಿರುತ್ತದೆಂದು ನೋಡಿರದ ಮಾರ್ಗದರ್ಶಕರಿಗೆ, ಬಿಡುಗಡೆಯ ಸಾರಾಂಶವನ್ನು ಸಿದ್ಧಪಡಿಸಲು ಏಕೆ ಮೂರು ಗಂಟೆ ಬೇಕಾಗುತ್ತದೆ ಎಂದು ವಿವರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಆ ವಿವರಣೆಯಿಂದ ಪ್ರಬಂಧವೇ ತಿಳಿಯಾಗುವುದರಿಂದ ಅದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಮೈಸೂರಿನ ಜೆಎಸ್ಎಸ್ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿಯಲ್ಲಿ ಆರೋಗ್ಯ ವ್ಯವಸ್ಥೆ ನಿರ್ವಹಣೆಗೆಂದೇ ಪ್ರತ್ಯೇಕ ವಿಭಾಗವಿದೆ. ವೈದ್ಯಕೀಯ ಕಾಲೇಜು, ದೊಡ್ಡ ಬೋಧನಾ ಆಸ್ಪತ್ರೆ, ಸಮುದಾಯ ವೈದ್ಯಶಾಸ್ತ್ರ ವಿಭಾಗ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿ ಎಲ್ಲವೂ ಒಂದೇ ಸಂಸ್ಥೆಯಡಿ ಇರುವುದು ನಮ್ಮ ಬಗೆಯ ಸಂಶೋಧನೆಗೆ ನಿಜವಾದ ಬಲ. ಖಾಸಗಿ ಆಡಳಿತದ ವಿಶ್ವವಿದ್ಯಾಲಯವಾದ್ದರಿಂದ ಶುಲ್ಕವನ್ನು ಮಾತ್ರ ವರ್ಷಾವಧಿಗೆ ಅಲ್ಲದೆ ಪ್ರಬಂಧ ಸಲ್ಲಿಕೆಯವರೆಗಿನ ಎಲ್ಲ ಹಂತಗಳಿಗೂ ಸೇರಿಸಿ ಕೇಳಿ ತಿಳಿದುಕೊಳ್ಳಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯವಿದೆ. ಗ್ರಾಮೀಣ ರೋಗಿಗಳೇ ಹೆಚ್ಚಾಗಿ ಬರುವ ವೈದ್ಯಕೀಯ ಕಾಲೇಜು ಅಲ್ಲಿರುವುದರಿಂದ ಮಂಡ್ಯ ಜಿಲ್ಲೆಯ ಪ್ರಶ್ನೆಗಳಿಗೆ ಅದು ಪರಿಶೀಲಿಸತಕ್ಕ ಜಾಗ.

ಮೈಸೂರು ವೈದ್ಯಕೀಯ ಕಾಲೇಜು ಮತ್ತು ಮಂಡ್ಯದ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಎರಡೂ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿವೆ. ಸರ್ಕಾರಿ ವೈದ್ಯಕೀಯ ಸೇವೆಯಲ್ಲಿರುವವರಿಗೆ ಮತ್ತು ಶುಶ್ರೂಷಾ ಕಾಲೇಜುಗಳ ಬೋಧಕರಿಗೆ ಈ ದಾರಿ ಸಹಜವಾದದ್ದು. ಆಡಳಿತದ ಕಡೆಯಿಂದ, ಅಂದರೆ ಎಂಬಿಎ ಹಿನ್ನೆಲೆಯಿಂದ ಬಂದವರು ತಮ್ಮ ಸ್ನಾತಕೋತ್ತರ ಪದವಿ ಅಲ್ಲಿನ ಯಾವ ವಿಭಾಗಕ್ಕೆ ಹೊಂದುತ್ತದೆ ಎಂಬುದನ್ನು ಅರ್ಜಿಯ ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು.

ಊರು ಬಿಟ್ಟು ಹೋಗಬಲ್ಲವರಿಗೆ

ವಯಸ್ಸು ಚಿಕ್ಕದಾಗಿದ್ದು, ಮನೆಯ ಹೊಣೆ ಹಗುರವಾಗಿರುವವರಿಗೆ ನನ್ನ ಸಲಹೆ ಬೇರೆ: ಪೂರ್ಣಕಾಲಿಕವಾಗಿ ಹೊರಗೆ ಹೋಗಿ. ಬೆಂಗಳೂರಿನ ಐಐಎಂನಲ್ಲಿ ಸಾರ್ವಜನಿಕ ನೀತಿ, ಕಾರ್ಯಾಚರಣೆ ನಿರ್ವಹಣೆ ಮೊದಲಾದ ಶಾಖೆಗಳಲ್ಲಿ ವಿದ್ಯಾರ್ಥಿವೇತನ ಸಹಿತ ಪಿಎಚ್‌.ಡಿ. ಇದೆ. ಹಿಂದೆ ಐಐಎಂಗಳು ಫೆಲೋ ಎಂಬ ಬಿರುದನ್ನು ಕೊಡುತ್ತಿದ್ದವು, 2017ರ ಐಐಎಂ ಕಾಯ್ದೆ ಬಂದ ಮೇಲೆ ಪದವಿಯನ್ನೇ ಕೊಡುತ್ತಿವೆ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಆರೋಗ್ಯ ವ್ಯವಸ್ಥೆಗಳ ಅಧ್ಯಯನಕ್ಕೆ ಪ್ರತ್ಯೇಕ ಶಾಲೆಯಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ಸಾರ್ವಜನಿಕ ಆರೋಗ್ಯದ ಸಂಶೋಧನೆಗೆ ಹೆಸರಾದದ್ದು. ಜೈಪುರದ ಐಐಎಚ್‌ಎಂಆರ್ 1984ರಿಂದ ಆರೋಗ್ಯ ನಿರ್ವಹಣೆಯೊಂದನ್ನೇ ಮುಖ್ಯವಾಗಿಟ್ಟುಕೊಂಡು ಬೆಳೆದು ಈಗ ವಿಶ್ವವಿದ್ಯಾಲಯವಾಗಿದೆ. ಮಣಿಪಾಲವೂ ನಮಗೆ ದೂರವೇನಲ್ಲ.

ಇಂತಹ ಸ್ಥಳಗಳಲ್ಲಿ ಸಿಗುವ ಮುಖ್ಯ ಲಾಭ ಸಹಪಾಠಿಗಳು. ನಿಮ್ಮ ವಿಧಾನವನ್ನು ವಾರಕ್ಕೊಮ್ಮೆ ಪ್ರಶ್ನಿಸುವ ನಾಲ್ಕು ಜನ ಪಕ್ಕದ ಮೇಜಿನಲ್ಲಿರುತ್ತಾರೆ. ಅರೆಕಾಲಿಕ ಸಂಶೋಧನಾರ್ಥಿಗೆ ಆ ಭಾಗ್ಯವಿಲ್ಲ. ನಾನು ಅಂಕಿಅಂಶ ವಿಶ್ಲೇಷಣೆಯಲ್ಲಿ ಮಾಡಿದ್ದ ಒಂದು ತಪ್ಪು ಎಂಟು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿಯಿತು, ಏಕೆಂದರೆ ನನ್ನ ಕೆಲಸವನ್ನು ನೋಡುವವರು ಮಾರ್ಗದರ್ಶಕರೊಬ್ಬರ ಹೊರತು ಬೇರೆ ಯಾರೂ ಇರಲಿಲ್ಲ. ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮುಂದಿನ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಹಂತದಲ್ಲಿ 42,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆ ಸಿಗುತ್ತದೆ. ಮಧ್ಯಮ ಹಂತದ ಆಸ್ಪತ್ರೆ ಸಂಬಳದ ಜೊತೆ ಹೋಲಿಸಿದರೆ ಇದು ಸಣ್ಣ ಮೊತ್ತವಲ್ಲ. ಆದರೆ ಜೆಆರ್‌ಎಫ್‌ಗೆ ವಯೋಮಿತಿ ಇರುವುದರಿಂದ ಈ ಯೋಚನೆಯನ್ನು ಮೂವತ್ತು ತುಂಬುವ ಮೊದಲೇ ಮಾಡಬೇಕು.

ದತ್ತಾಂಶ ಯಾರ ಕೈಯಲ್ಲಿದೆ

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಆರೋಗ್ಯಸೇವಾ ನಿರ್ವಹಣೆಯ ಸಂಶೋಧನೆ ನಿಲ್ಲುವುದು ಅಥವಾ ಬೀಳುವುದು ದತ್ತಾಂಶದ ಮೇಲೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ವಾರ್ಡಿನವರು ದಾಖಲೆಯಲ್ಲಿ ಬರೆದಿಟ್ಟಿದ್ದರು. ಹಲವು ದಶಕಗಳ ಮೇಲೆ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ದೊಡ್ಡವರಾಗಿದ್ದ ಆ ಮಕ್ಕಳನ್ನು ಊರಿನಲ್ಲಿ ಹುಡುಕಿ, ಹುಟ್ಟಿದಾಗಿನ ಅಳತೆಗೂ ಮುಂದಿನ ಮಧುಮೇಹ, ಹೃದ್ರೋಗಗಳಿಗೂ ಇರುವ ಸಂಬಂಧವನ್ನು ಅಭ್ಯಸಿಸಿದರು. ಮೈಸೂರಿನ ಹೆಸರು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದು ಹೀಗೆ. ರಾತ್ರಿ ಪಾಳಿಯಲ್ಲಿ ಮಗುವನ್ನು ತೂಗಿ ಅಂಕಿ ಬರೆದ ಆ ದಾದಿಯರಿಗೆ ತಾವು ಸಂಶೋಧನೆಗೆ ಬುನಾದಿ ಹಾಕುತ್ತಿದ್ದೇವೆಂದು ಗೊತ್ತಿರಲಾರದು. ಆದರೆ ಆ ದಾಖಲೆ ಇಲ್ಲದಿದ್ದರೆ ಎಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೂ ಆ ಅಧ್ಯಯನ ಸಾಧ್ಯವಾಗುತ್ತಿರಲಿಲ್ಲ.

ನನ್ನ ಕಥೆ ಇದಕ್ಕೆ ವಿರುದ್ಧವಾದದ್ದು. ನೋಂದಣಿಯಾದಾಗ ನಾನು ಆರಿಸಿದ್ದು ಒಳರೋಗಿಗಳ ಬಿಡುಗಡೆಯಲ್ಲಿನ ವಿಳಂಬ. ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಿರಿಯ ಅಧಿಕಾರಿಯೊಬ್ಬರು "ದಾಖಲೆ ವಿಭಾಗದಲ್ಲಿ ಏನು ಬೇಕೋ ನೋಡಿಕೊಳ್ಳಿ" ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ಅದನ್ನೇ ನಂಬಿ ಪ್ರಸ್ತಾವವನ್ನು ಬರೆದು, ಕೋರ್ಸ್ ವರ್ಕ್ ಮುಗಿಸಿ, ದತ್ತಾಂಶ ಸಂಗ್ರಹಕ್ಕೆ ಇಳಿಯುವ ಹೊತ್ತಿಗೆ ಆ ಅಧಿಕಾರಿ ಬೇರೆ ಊರಿಗೆ ಹೋದರು. ಹೊಸದಾಗಿ ಬಂದವರಿಗೆ, ಬಿಲ್ಲಿಂಗ್ ವಿಭಾಗದ ವಿಳಂಬದ ಅಂಕಿಗಳು ಹೊರಗಿನ ಪರೀಕ್ಷಕರ ಕೈಗೆ ಹೋಗುವುದು ಇಷ್ಟವಾಗಲಿಲ್ಲ. ಅವರ ಆತಂಕವನ್ನು ಈಗ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆಗ ನನಗೆ ತೋಚಿದ್ದು ಕತ್ತಲೆಯೊಂದೇ. ಮತ್ತೊಂದು ಆಸ್ಪತ್ರೆಯನ್ನು ಹುಡುಕಿ, ಹೊಸದಾಗಿ ಎಥಿಕ್ಸ್ ಕಮಿಟಿಯ ಅನುಮತಿ ಪಡೆದು, ಶೀರ್ಷಿಕೆಯನ್ನು ಬದಲಿಸಲು ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಮತ್ತೆ ಹಳಿಗೆ ಬರುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

ಆದ್ದರಿಂದ ಎರಡು ವಿಶ್ವವಿದ್ಯಾಲಯಗಳ ನಡುವೆ ತೂಗಿನೋಡುವಾಗ, ಯಾವುದಕ್ಕೆ ಸೇರಿದರೆ ದಾಖಲೆಗಳ ಬಾಗಿಲು ತೆರೆಯುತ್ತದೆ ಎಂಬುದನ್ನು ಮೊದಲ ಅಳತೆಗೋಲಾಗಿ ಇಟ್ಟುಕೊಳ್ಳಿ. ಬೋಧನಾ ಆಸ್ಪತ್ರೆಯಿರುವ ವಿಶ್ವವಿದ್ಯಾಲಯದಲ್ಲಿ ಸಹ ಮಾರ್ಗದರ್ಶಕರಾಗಿ ಅಲ್ಲಿನ ವೈದ್ಯರೊಬ್ಬರು ಇದ್ದರೆ ಈ ಬಾಗಿಲು ಸುಲಭವಾಗಿ ತೆರೆಯುತ್ತದೆ. ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಸೇರುವವರು ಆಸ್ಪತ್ರೆಯ ಮುಖ್ಯಸ್ಥರಿಂದ ಲಿಖಿತ ಅನುಮತಿಯನ್ನು ನೋಂದಣಿಗೆ ಮೊದಲೇ ಪಡೆಯಬೇಕು. ಅದರಲ್ಲಿ ಯಾವ ಅವಧಿಯ, ಯಾವ ವಿಭಾಗದ, ಯಾವ ದಾಖಲೆಗಳು ಎಂಬುದು ಸ್ಪಷ್ಟವಾಗಿರಬೇಕು, ಮತ್ತು ಅನುಮತಿಯನ್ನು ವ್ಯಕ್ತಿಯ ಹೆಸರಿನಲ್ಲಲ್ಲದೆ ಹುದ್ದೆಯ ಹೆಸರಿನಲ್ಲಿ ಕೊಟ್ಟಿರಬೇಕು. ರೋಗಿಗಳ ಹೆಸರು, ಮೊಬೈಲ್ ಸಂಖ್ಯೆಗಳನ್ನು ತೆಗೆದುಹಾಕಿಯೇ ದತ್ತಾಂಶವನ್ನು ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಗಳು ರೋಗಿಯ ದಾಖಲೆಗಳನ್ನು ಬಳಸುವ ಅಧ್ಯಯನಗಳಿಗೂ ಅನ್ವಯಿಸುತ್ತವೆ, "ನಾನು ಸೂಜಿ ಚುಚ್ಚುತ್ತಿಲ್ಲ, ಕಡತ ನೋಡುತ್ತೇನಷ್ಟೆ" ಎಂಬ ವಾದ ಅಲ್ಲಿ ನಡೆಯದು.

ಸರ್ಕಾರಿ ಆಸ್ಪತ್ರೆಗಳಲ್ಲಿ, ಅಂದರೆ ಕೆ.ಆರ್. ಆಸ್ಪತ್ರೆ, ಚೆಲುವಾಂಬ, ಮಿಮ್ಸ್‌ನಂತಹ ಕಡೆಗಳಲ್ಲಿ ಅನುಮತಿಯ ಕಾಗದ ಮೇಜಿನಿಂದ ಮೇಜಿಗೆ ನಡೆಯಲು ಸಮಯ ಹಿಡಿಯಬಹುದು. ಆದರೆ ರೋಗಿಗಳ ಸಂಖ್ಯೆ ಮತ್ತು ಕಾಯಿಲೆಗಳ ವೈವಿಧ್ಯ ಅಲ್ಲಿರುವಷ್ಟು ಖಾಸಗಿಯಲ್ಲಿ ಸಿಗುವುದು ಕಷ್ಟ. ಸಾರ್ವಜನಿಕ ಆಸ್ಪತ್ರೆಯ ಸರತಿ ಸಾಲನ್ನು ಚಿಕ್ಕದು ಮಾಡುವ ಒಂದು ಸಣ್ಣ ಕಂಡುಕೊಳ್ಳುವಿಕೆಯೂ ಪರವೂರಿನಿಂದ ಕೂಲಿ ಬಿಟ್ಟು ಬಂದು ನಿಂತವರಿಗೆ ನೇರವಾಗಿ ತಲುಪುತ್ತದೆ. ಎರಡೂ ಕಡೆ ಅವಕಾಶವಿರುವವರು ಸರ್ಕಾರಿ ಆಸ್ಪತ್ರೆಯನ್ನೇ ಆರಿಸಿಕೊಳ್ಳಲಿ ಎಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಮಾರ್ಗದರ್ಶಕರು

ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅರೆಕಾಲಿಕರು ಆರು ವರ್ಷ ತೆಗೆದುಕೊಳ್ಳುವುದು ಸಾಮಾನ್ಯವಾದ್ದರಿಂದ, ಮಾರ್ಗದರ್ಶಕರಿಗೆ ಇನ್ನೆಷ್ಟು ಸೇವಾವಧಿ ಉಳಿದಿದೆ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ಅವರ ಕೀರ್ತಿಗಿಂತ ಅವರ ಹಿಂದಿನ ಶಿಷ್ಯರ ಪ್ರಬಂಧಗಳನ್ನು ನೋಡಿ. ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಮಾರ್ಗದರ್ಶಕರ ಹೆಸರಿನಿಂದ ಹುಡುಕಿದರೆ ಅವರ ಕೈಕೆಳಗೆ ಮುಗಿದ ಪ್ರಬಂಧಗಳು ಸಿಗುತ್ತವೆ. ಎರಡನ್ನಾದರೂ ಇಡಿಯಾಗಿ ಓದಿ. ಪ್ರಶ್ನಾವಳಿಯನ್ನು ಇನ್ನೂರು ಜನಕ್ಕೆ ಹಂಚಿ "ತೃಪ್ತಿ ಇದೆ, ಇಲ್ಲ" ಎಂದು ಶೇಕಡಾವಾರು ಕೋಷ್ಟಕ ಹಾಕಿದ ಪ್ರಬಂಧಗಳೇ ಸಾಲಾಗಿ ಕಂಡರೆ ಆ ಕೈಯಲ್ಲಿ ನಿಮ್ಮ ಪ್ರಶ್ನೆ ಬೆಳೆಯುವುದಿಲ್ಲ. ಶಿಷ್ಯರು ನೋಂದಣಿಯಿಂದ ಸಲ್ಲಿಕೆಯವರೆಗೆ ಎಷ್ಟು ವರ್ಷ ತೆಗೆದುಕೊಂಡರು ಎಂಬುದೂ ಅಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ. ಸಾಧ್ಯವಾದರೆ ಅವರಲ್ಲೊಬ್ಬರನ್ನು ಭೇಟಿಯಾಗಿ, ಬರೆದು ಕೊಟ್ಟ ಅಧ್ಯಾಯ ತಿದ್ದುಪಡಿಯೊಂದಿಗೆ ಎಷ್ಟು ದಿನಕ್ಕೆ ಹಿಂದಿರುಗುತ್ತಿತ್ತು ಎಂಬ ಒಂದೇ ಪ್ರಶ್ನೆಯನ್ನು ಕೇಳಿ. ನನ್ನ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಅಂಚು ತುಂಬಿಸಿ ಮೂರು ವಾರದೊಳಗೆ ಹಿಂದಿರುಗಿಸುತ್ತಿದ್ದರು. ಆ ಒಂದು ಶಿಸ್ತಿಲ್ಲದಿದ್ದರೆ ನಾನು ಬಹುಶಃ ನಡುದಾರಿಯಲ್ಲೇ ನಿಲ್ಲುತ್ತಿದ್ದೆ.

ಆನ್‌ಲೈನ್ ಮತ್ತು ವಿದೇಶಿ ಪದವಿಗಳು

"ಮನೆಯಲ್ಲೇ ಕುಳಿತು ಹದಿನೆಂಟು ತಿಂಗಳಲ್ಲಿ ಡಾಕ್ಟರೇಟ್" ಎಂಬ ಜಾಹೀರಾತುಗಳು ಆಸ್ಪತ್ರೆ ನೌಕರರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತಲೇ ಇರುತ್ತವೆ. ಈ ವಿಷಯದಲ್ಲಿ ನಿಯಮ ನಿಸ್ಸಂದಿಗ್ಧವಾಗಿದೆ: ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್‌.ಡಿ. ನಡೆಸುವಂತಿಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ನೀಡುವ ಆನ್‌ಲೈನ್ ಪಿಎಚ್‌.ಡಿ.ಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಸಿದ್ದವು. ಪ್ರಬಂಧದ ಗುಣಮಟ್ಟದ ನಿಯಮಗಳನ್ನು ಪಾಲಿಸಲಿಲ್ಲವೆಂದು 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ ಐದು ವರ್ಷ ಪಿಎಚ್‌.ಡಿ. ಪ್ರವೇಶವನ್ನೇ ಯುಜಿಸಿ ನಿರ್ಬಂಧಿಸಿತು. ಅಂದರೆ ಕಾಯ್ದೆಯಡಿ ಸ್ಥಾಪಿತವಾದ ವಿಶ್ವವಿದ್ಯಾಲಯವೆಂಬ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಅಮೆರಿಕ, ಬ್ರಿಟನ್ನಿನ ಒಳ್ಳೆಯ ವಿಶ್ವವಿದ್ಯಾಲಯಗಳು ಅಲ್ಲಿನ ಕೆಲಸಗಾರರಿಗಾಗಿ ದೂರದಿಂದ ನಡೆಸುವ ವೃತ್ತಿಪರ ಡಾಕ್ಟರೇಟ್‌ಗಳನ್ನು ಇವುಗಳ ಜೊತೆ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಅಲ್ಲಿ ಕಲಿಕೆ ಗಂಭೀರವಾಗಿರುತ್ತದೆ. ಆದರೆ ಆ ಪಾಠಗಳಲ್ಲಿ ಬರುವ, ಅಮೆರಿಕದ ಸರ್ಕಾರಿ ಆರೋಗ್ಯ ವಿಮಾ ಯೋಜನೆಗಳಾದ ಮೆಡಿಕೇರ್, ಮೆಡಿಕೇಡ್, ಅಲ್ಲಿನ ವಿಮಾ ಪಾವತಿಯ ಪದ್ಧತಿಗಳು ನಮ್ಮ ಆಸ್ಪತ್ರೆಗಳ ಲೆಕ್ಕಕ್ಕೆ ಬರುವುದಿಲ್ಲ, ಶುಲ್ಕ ಡಾಲರ್ ಅಥವಾ ಪೌಂಡಿನಲ್ಲಿ ಇರುತ್ತದೆ, ಇಲ್ಲಿ ಸಮಾನತೆಯ ಮಾನ್ಯತೆ ಪಡೆಯುವುದು ಬೇರೆಯದೇ ಪ್ರಯಾಣ. ವಿದೇಶದಲ್ಲಿ ನೆಲೆಸುವವರಿಗೆ ಅಥವಾ ಬಹುರಾಷ್ಟ್ರೀಯ ಸಲಹಾ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಅದು ಸರಿಹೊಂದೀತು. ಮಂಡ್ಯದಲ್ಲಿ ಮನೆಯಿದ್ದು ಮೈಸೂರಿನಲ್ಲಿ ದುಡಿಯುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಅರ್ಜಿ ಹಾಕುವ ಮೊದಲಿನ ಮೂರು ತಿಂಗಳು

ಅಧಿಸೂಚನೆ ಬರುವ ಮುಂಚೆ ಮೂರು ತಿಂಗಳು ಈ ಪ್ರಯೋಗ ಮಾಡಿ ನೋಡಿ. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಮೇಲಧಿಕಾರಿಯ ಅನುಮತಿ ಪಡೆದು, ಅದಕ್ಕೆ ಸಂಬಂಧಿಸಿದ ಮೂವತ್ತು ಕಡತಗಳನ್ನು ದಾಖಲೆ ವಿಭಾಗದಲ್ಲಿಯೇ ಕುಳಿತು ತೆರೆಯಿರಿ. ವೈದ್ಯರು ಬಿಡುಗಡೆಯ ಆದೇಶ ಬರೆದ ವೇಳೆ ಎಷ್ಟು ಕಡತಗಳಲ್ಲಿ ನಮೂದಾಗಿದೆ, ಎಷ್ಟರಲ್ಲಿ ದಿನಾಂಕ ಮಾತ್ರ ಇದೆ, ಎಷ್ಟರಲ್ಲಿ ಸಹಿಯೂ ಇಲ್ಲ ಎಂದು ಎಣಿಸಿ. ನಾನು ಎರಡನೆಯ ಬಾರಿ ಶುರುಮಾಡಿದಾಗ ಹೀಗೆ ಎಣಿಸಿದ ಮೂವತ್ತರಲ್ಲಿ ಹನ್ನೊಂದು ಕಡತಗಳಲ್ಲಿ ಮಾತ್ರ ವೇಳೆ ಇತ್ತು. ಹಳೆಯ ದಾಖಲೆಗಳಿಂದ ಈ ಅಧ್ಯಯನ ಆಗುವುದಿಲ್ಲ, ವಾರ್ಡಿನಲ್ಲಿ ನಿಂತು ಹೊಸದಾಗಿ ವೇಳೆ ಗುರುತಿಸಬೇಕು, ಅದಕ್ಕೆ ಎರಡು ಪಾಳಿಯ ಶುಶ್ರೂಷಕಿಯರ ಒಪ್ಪಿಗೆ ಬೇಕು ಎಂಬುದು ಆ ದಿನವೇ ತಿಳಿಯಿತು. ಮಾರ್ಗದರ್ಶಕರನ್ನು ಮೊದಲ ಬಾರಿ ಕಾಣಲು ಹೋಗುವಾಗ ಆ ಎಣಿಕೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಿ.